ಹೇರಳೆಕಾಯಿಯ ಓರೆ ಹೋಳು

ಹೊಳೆದಂಡೆಯಲ್ಲಿ ಒಂದು ಮಠ. ದೊಡ್ಡದೇನಲ್ಲ. ಒಂದು ಗದ್ದುಗೆ, ಒಂದು ಜಗಲಿ, ಜಗಲಿಗಿಂತ ದೊಡ್ಡದಾದ ಒಂದು ಅಡುಗೆಮನೆ.

ಅಲ್ಲಿನ ಗುರುಗಳನ್ನು ಸುತ್ತಲಿನವರೆಲ್ಲ 'ಬುದ್ಧಿ' ಎಂದೇ ಕರೆಯುತ್ತಿದ್ದರು. ಮಠಕ್ಕೆ ಇದ್ದದ್ದು ಒಂದೇ ಕಟ್ಟಳೆ. ಬಂದವರು ಉಣ್ಣದೆ ಹೋಗಬಾರದು. ಪೂಜೆಗೆ ಬೇಕಾದರೆ ಹೊತ್ತಾಗಲಿ, ಊಟಕ್ಕೆ ಆಗುವಂತಿಲ್ಲ.

ಜ್ವರ ಬಿಟ್ಟು ಬಾಯಿರುಚಿ ಕೆಟ್ಟವರು ಅಲ್ಲಿಗೆ ಹುಡುಕಿಕೊಂಡು ಬರುತ್ತಿದ್ದರು. ಅವರಿಗೆ ಬಿಸಿ ಗಂಜಿ, ಪಕ್ಕದಲ್ಲಿ ಹೇರಳೆಕಾಯಿ ಉಪ್ಪಿನಕಾಯಿಯ ಒಂದು ಹೋಳು. ಮೂರು ದಿನದಿಂದ ಅನ್ನ ಮುಟ್ಟದವರೂ ಆ ಹೋಳನ್ನು ನಾಲಗೆಗೆ ಸೋಕಿಸಿ, ಇನ್ನೊಂದು ಸೌಟು ಗಂಜಿ ಹಾಕಿ ಎನ್ನುತ್ತಿದ್ದರು.

ಮಠದಲ್ಲಿ ಮರಿಬಸವ ಅಂತ ಒಬ್ಬ ಶಿಷ್ಯ. ವಯಸ್ಸು ಮೂವತ್ತೈದರ ಮೇಲೆ. ಅಲ್ಲಿಗೆ ಬರುವ ಮುಂಚೆ ವ್ಯಾನಿನಲ್ಲಿ ಊರೂರು ಸುತ್ತಿ ಅಂಗಡಿಗಳಿಗೆ ಉಪ್ಪಿನಕಾಯಿ, ಸಾರಿನಪುಡಿ, ಸಾಸು ಹಾಕುತ್ತಿದ್ದವನು. ಮೂರು ವರ್ಷದಿಂದ ದೀಕ್ಷೆಗೆ ಕಾಯುತ್ತಿದ್ದ. ಕಾಯುತ್ತಿದ್ದ ಅನ್ನುವುದು ಬಾಯಿಮಾತಿಗೆ. ಸುಮ್ಮನೆ ಕೂತು ಕಾಯುವ ಆಸಾಮಿಯೇ ಅಲ್ಲ. ದಿನಾ ಬೆಳಿಗ್ಗೆ ಎದ್ದು ಕೇಳುತ್ತಿದ್ದ.

"ಬುದ್ಧಿ, ದೀಕ್ಷೆ ಇವತ್ತಾ?"

"ಇವತ್ತು ಅವರೆಕಾಯಿ ಸುಲಿಯೋದಿದೆ."

ಮಾರನೆಯ ದಿನ ಮತ್ತೆ.

"ಬುದ್ಧಿ, ಇವತ್ತಾ?"

"ಇವತ್ತು ಒಲೆ ಸಾರಿಸೋದಿದೆ."

ಆ ವರ್ಷ ಕಾರ್ತಿಕದಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದ ಅಡುಗೆಯ ಅಜ್ಜಿ ಕಾಲು ಬಾರದಾಗಿ ಮಗಳ ಊರಿಗೆ ಹೋದರು. ಜಾಡಿಯ ತಳದಲ್ಲಿ ನಾಲ್ಕು ಹೋಳು ಉಳಿದಿತ್ತು. ಗುರುಗಳು ಮರಿಬಸವನನ್ನು ಕರೆದರು.

"ಈ ಸಲ ನೀನು ಹಾಕು."

ಮರಿಬಸವನಿಗೆ ನಗು ಬಂತು.

"ಬುದ್ಧಿ, ಇದಕ್ಕೆಲ್ಲ ಯಾಕೆ ಒದ್ದಾಟ? ಪೇಟೆಯಲ್ಲಿ ಬಾಟಲಿ ಸಿಗುತ್ತೆ. ನಾನೇ ಎಷ್ಟು ಸಾವಿರ ಮಾರಿಲ್ಲ! ಮುಚ್ಚಳ ತಿರುಗಿಸಿದರೆ ಮುಗೀತು. ಕೊಂಡರೆ ಸಿಗೋದನ್ನ ಯಾಕೆ ಮಾಡಬೇಕು?"

ಗುರುಗಳು ಕಣ್ಣರಳಿಸಿದರು.

"ಅಲ್ವಾ? ಯಾಕೆ ಮಾಡಬೇಕು?"

"ನಾನು ನಿಮ್ಮನ್ನ ಕೇಳಿದ್ದು ಬುದ್ಧಿ."

"ನನಗೆ ಗೊತ್ತಿಲ್ಲ ಕಣಪ್ಪ. ಇಷ್ಟು ವರ್ಷ ತಿಂದಿದೀನಿ, ಕೇಳ್ಕೊಂಡೇ ಇಲ್ಲ. ಒಂದು ಕೆಲಸ ಮಾಡು. ಒಂದು ಬಾಟಲಿ ಕೊಂಡುಕೊಂಡು ಬಾ. ಒಂದು ಜಾಡಿ ಹಾಕು. ಎರಡನ್ನೂ ಒಂದೇ ಗೂಡಿನಲ್ಲಿಡು. ಯಾಕೆ ಅಂತ ನಿನಗೆ ತಿಳಿದ ದಿನ ನನಗೂ ಹೇಳು. ಅವತ್ತೇ ದೀಕ್ಷೆ."

ಮರಿಬಸವ ಅವತ್ತೇ ಪೇಟೆಗೆ ಓಡಿದ. ಬಾಟಲಿ ತಂದು ಗುರುಗಳ ಮುಂದೆ ಬೆಳಕಿಗೆ ಹಿಡಿದ.

"ನೋಡಿ ಬುದ್ಧಿ, ಹೇರಳೆಕಾಯೀದೇ. ಆದರೆ ಹೋಳೆಲ್ಲ ಹೆಂಗೆ ಓರೆ ಓರೆ! ಮಷೀನಿಗೆ ಹಾಕಿ ಕೊಚ್ಚಿಬಿಟ್ಟಿದಾರೆ."

ಗುರುಗಳು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಷೀನು ಓರೆಯಾಗಿ ಕೊಯ್ಯುತ್ತಾ?"

ಮರಿಬಸವನಿಗೆ ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ. ಬಾಟಲಿಯನ್ನು ಗೂಡಿನಲ್ಲಿಟ್ಟು ಹೇರಳೆಕಾಯಿ ಕೀಳಲು ಹಿತ್ತಲಿಗೆ ಹೋದ.

ಕಾಯಿ ತೊಳೆದ, ಒರೆಸಿದ, ನೆರಳಿಗೆ ಹರವಿದ. ಈಳಿಗೆಮಣೆ ಹಾಕಿಕೊಂಡು ಹೋಳು ಮಾಡಿದ. ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬಿ ಬಾಯಿಗೆ ಬಿಳಿಬಟ್ಟೆ ಕಟ್ಟಿದ. ದಿನಾ ಬೆಳಿಗ್ಗೆ ಒಣಗಿದ ಮರದ ಸೌಟಿನಲ್ಲಿ ಒಂದು ಸಲ ಕದಡಬೇಕು, ಅಷ್ಟೇ ಕೆಲಸ. ಹೇರಳೆಕಾಯಿಯ ಕಹಿ ಬಿಡುವ ತನಕ ಬೇರೇನೂ ಮಾಡುವಂತಿಲ್ಲ.

ಇಪ್ಪತ್ತನೆಯ ದಿನ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬೂಷ್ಟು.

ಮರಿಬಸವನ ಮುಖ ಸಪ್ಪಗಾಯಿತು. ಜಾಡಿಯನ್ನು ಎತ್ತಿಕೊಂಡೇ ಗುರುಗಳ ಹತ್ತಿರ ಬಂದ.

"ಉಪ್ಪು ಸರಿಯಾಗಿ ಹಾಕಿದ್ದೆ ಬುದ್ಧಿ. ನೀರು ಸೋಕಿಸಿಲ್ಲ. ಹೆಂಗಾಯ್ತೋ ಕಾಣೆ."

"ರುಚಿ ನೋಡಿದ್ಯಾ?"

"ನೋಡಿದೆ. ಕಹಿ ಬಿಟ್ಟಿದೆಯಾ ಇಲ್ಲವಾ ಅಂತ."

"ಎಷ್ಟು ಸಲ?"

"ದಿನಾ."

"ಯಾವುದರಲ್ಲಿ?"

"ಅದೇ ಸೌಟಿನಲ್ಲಿ," ಎಂದವನು ನಾಲಗೆ ಕಚ್ಚಿಕೊಂಡ. ನೆಕ್ಕಿದ ಸೌಟನ್ನು ಮತ್ತೆ ಜಾಡಿಗೇ ಅದ್ದಿದ್ದ, ಇಪ್ಪತ್ತು ದಿನ.

ಗುರುಗಳು ಬಿದ್ದು ಬಿದ್ದು ನಕ್ಕರು.

"ಆಯ್ತಾ, ಆಯ್ತಾ ಅಂತ ದಿನಾ ಹೋಗಿ ಕೇಳಿದ್ರೆ ಅದಾದರೂ ಯಾವಾಗ ಆಗಬೇಕು ಹೇಳು! ಹೋಗು, ಹೊಸದಾಗಿ ಹಾಕು."

ಅವತ್ತಿನಿಂದ ಅವನು ಬೆಳಗಿನ ಹೊತ್ತು ದೀಕ್ಷೆಯ ಮಾತೆತ್ತುವುದನ್ನೂ ಬಿಟ್ಟ. ಪಾಪ, ಎಷ್ಟು ಕಷ್ಟವಾಯಿತೋ ಅವನಿಗೆ.

ಎರಡನೆಯ ಜಾಡಿಯನ್ನು ಮರಿಬಸವ ಎಳೆಕೂಸಿನ ಹಾಗೆ ನೋಡಿಕೊಂಡ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು, ಬಸವ ಜಯಂತಿಯೂ ಹೋಯಿತು. ಒಂದು ದಿನ ಬಟ್ಟೆ ಬಿಚ್ಚಿದಾಗ ಅಡುಗೆಮನೆಗೆಲ್ಲ ಘಮಘಮ ಹರಡಿತು. ಹೋಳುಗಳು ಮೆತ್ತಗಾಗಿ ಬಣ್ಣ ತಿರುಗಿದ್ದವು. ಮೆಣಸಿನಕಾಯಿ, ಸಾಸಿವೆ, ಮೆಂತ್ಯ ಹುರಿದು ಕುಟ್ಟಿದ ಪುಡಿ ಬೆರೆಸಿದ. ಎಳ್ಳೆಣ್ಣೆಯಲ್ಲಿ ಇಂಗಿನ ಒಗ್ಗರಣೆ ಕೊಟ್ಟ.

ಗುರುಗಳು ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಬುದ್ಧಿ, ಈಗ ತಿಳೀತು," ಎಂದ ಮರಿಬಸವ.

"ಏನು?"

"ಮನೇಲಿ ಮಾಡಿದ್ದರ ರುಚಿ ಅಂಗಡೀದಕ್ಕೆ ಬರಲ್ಲ. ಅದಕ್ಕೇ ಮಾಡಬೇಕು."

"ಗೂಡಿನಲ್ಲಿರೋ ಬಾಟಲಿ ತೆಗೆದು ನೋಡಿದ್ಯಾ?"

"ಇಲ್ಲ ಬುದ್ಧಿ."

"ಮತ್ತೆ ಅದರ ರುಚಿ ನಿನಗೆ ಹೆಂಗೆ ಗೊತ್ತು?"

ಮರಿಬಸವ ತಲೆ ಕೆರೆದುಕೊಂಡು ಹೋದ. ವಾರ ಬಿಟ್ಟು ಬಂದ.

"ರುಚಿ ಇರಲಿ ಬುದ್ಧಿ. ಇದು ಪೂರ್ತಿ ನಮ್ಮ ಕೈಯಿಂದ ಆದದ್ದು. ಬೇರೆಯವರ ಹಂಗಿಲ್ಲ."

"ಉಪ್ಪು ನೀನೇ ಬೆಳೆದ್ಯಾ?"

"ಇಲ್ಲ, ಅಂಗಡೀದು."

"ಮೆಣಸಿನಕಾಯಿ?"

"ಅದೂ ಅಂಗಡೀದೇ."

"ಎಳ್ಳೆಣ್ಣೆ? ಇಂಗು? ಈ ಜಾಡಿ?"

"ಎಲ್ಲ ಅಂಗಡೀದೇ ಬುದ್ಧಿ."

"ಹಂಗಾದ್ರೆ ನೀನು ಮಾಡಿದ್ದೇನಪ್ಪ?"

ಅವನು ಮೆಲ್ಲಗೆ ಹೇಳಿದ.

"ಕಾದೆ, ಬುದ್ಧಿ."

ಗುರುಗಳು ಅವನ ಮುಖವನ್ನೇ ನೋಡಿದರು. ಅವರಿಗೆ ಖುಷಿಯಾಗಿತ್ತು. ಮುಚ್ಚಿಡಲೂ ಇಲ್ಲ.

"ಭೇಷ್. ಬರೋ ಹುಣ್ಣಿಮೆಗೆ ಊರಿನವರೆಲ್ಲ ಊಟಕ್ಕೆ ಬರ್ತಾರಲ್ಲ, ಅವತ್ತು ಎಲ್ಲರ ಊಟ ಆದಮೇಲೆ ನಿನಗೆ ದೀಕ್ಷೆ."

ಮರಿಬಸವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರು ವರ್ಷದ ಮೇಲೆ ಬಂದ ಮಾತು ಅದು.

ಹುಣ್ಣಿಮೆ ಬಂತು. ಜಗಲಿಯ ಮೇಲೆ ಎರಡು ಸಾಲು ಎಲೆ ಬಿತ್ತು. ಉಪ್ಪಿನಕಾಯಿ ಬಡಿಸುವ ಕೆಲಸವನ್ನು ಮರಿಬಸವ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದೊಂದು ಎಲೆಯ ಮುಂದೂ ನಿಂತು ಕೇಳಿದ.

"ಹೆಂಗಿದೆ? ಎಂಟು ತಿಂಗಳ ತಪಸ್ಸು ಇದು. ಹೆಂಗಿದೆ?"

ತಿನ್ನುವವರು ಚೆನ್ನಾಗಿದೆ ಅನ್ನದೆ ಇನ್ನೇನು ಅಂದಾರು? ಅಂದರು. ಎಂಟು ತಿಂಗಳಲ್ಲಿ ಮೊದಲಿನದು ಬೂಷ್ಟು ಹಿಡಿದ ಕತೆಯನ್ನು ಮಾತ್ರ ಅವನು ಎತ್ತಲಿಲ್ಲ.

ಆಗ ಒಬ್ಬ ಹೆಂಗಸು ಜಗಲಿಯ ಮೆಟ್ಟಿಲ ಬಳಿ ಬಂದು ನಿಂತಳು. ಸೆರಗಿನ ಒಳಗಿನಿಂದ ಏನೋ ಹೊರಗೆ ತೆಗೆದಳು. ಉಪ್ಪಿನಕಾಯಿ ಬಾಟಲಿ. ಮೇಲೆ ಬಣ್ಣದ ಚೀಟಿ, ಅಂಗಡಿಯದು.

"ಸ್ವಾಮಿ, ಇದನ್ನ ಊಟಕ್ಕೆ ಬಡಿಸ್ತೀರಾ? ಹರಕೆ ಇತ್ತು."

ಮರಿಬಸವ ಚೀಟಿ ನೋಡಿದ. ಗೂಡಿನಲ್ಲಿದ್ದದ್ದೂ ಅದೇ ಚೀಟಿಯದು. ಎರಡೂ ಸಾಲಿಗೆ ಕೇಳುವ ಹಾಗೆ ಹೇಳಿದ.

"ನಮ್ಮಲ್ಲಿ ಅಂಗಡೀದು ನಡೆಯಲ್ಲ ತಾಯಿ. ಇಲ್ಲಿ ಬಡಿಸೋದೆಲ್ಲ ಕೈಯಿಂದ ಮಾಡಿದ್ದು."

ಆ ಹೆಂಗಸು ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮರಿಬಸವ ಮುಂದಿನ ಎಲೆಗೆ ಹೋಗಿಯಾಗಿತ್ತು.

ಪಂಕ್ತಿ ಎದ್ದಿತು. ಎಲ್ಲರೂ ಕೈ ತೊಳೆದು ಹೊರಟರು. ಕೊನೆಗೆ ಗುರುಗಳು ತಮ್ಮ ಎಲೆಯ ಮುಂದೆ ಬಂದು ಕೂತರು. ಮರಿಬಸವ ಆಗಲೇ ಸ್ನಾನ ಮಾಡಿ ಮಡಿಯುಟ್ಟು ಬಂದಿದ್ದ.

"ಎಲ್ಲರ ಊಟ ಆಯ್ತಾ?" ಗುರುಗಳು ಕೇಳಿದರು.

"ಆಯ್ತು ಬುದ್ಧಿ."

"ಸೆರಗಿನಲ್ಲಿ ಏನೋ ಮುಚ್ಚಿಟ್ಟುಕೊಂಡು ಬಂದ ಒಬ್ಬ ತಾಯಿ, ಅವಳ ಊಟ?"

ಮರಿಬಸವ ಜಗಲಿಯ ಆ ತುದಿಯಿಂದ ಈ ತುದಿಗೆ ನೋಡಿದ.

"ಅವಳು ಕೂರಲೇ ಇಲ್ಲ ಅಂತ ಕಾಣುತ್ತೆ. ನಾನೇನು ಹೋಗು ಅನ್ನಲಿಲ್ಲ ಬುದ್ಧಿ. ಬಾಟಲಿ ಬೇಡ ಅಂದೆ, ಅಷ್ಟೇ."

"ಬಾಟಲಿ ಬೇರೆ, ಅವಳು ಬೇರೆ ಅಂತ ನಿನಗೆ ಯಾರು ಹೇಳಿದ್ರು?"

ಗುರುಗಳು ಗದರಲಿಲ್ಲ. ಬಡಿಸದ ಎಲೆಯನ್ನು ಮಡಿಸಿ ಪಕ್ಕಕ್ಕಿಟ್ಟು ಹೊಳೆಯ ಕಡೆ ನೋಡುತ್ತ ಕೂತರು.

ಮರಿಬಸವ ಉಟ್ಟ ಮಡಿಯಲ್ಲೇ ಓಡಿದ. ಹೊಳೆದಂಡೆ ದಾಟಿ, ಕಬ್ಬಿನ ಗದ್ದೆಯ ಬದು ಹತ್ತಿ, ಬಸ್ಸು ನಿಲ್ಲುವ ಹೊಂಗೆಮರದ ತನಕ ಒಂದೇ ಉಸಿರು.

ಅವಳು ಮರದ ಬುಡದಲ್ಲಿ ಕೂತಿದ್ದಳು. ಬಾಟಲಿ ಮಡಿಲಲ್ಲಿತ್ತು.

"ತಾಯಿ, ಬನ್ನಿ. ಊಟ ಮಾಡಿ ಹೋಗಿ."

"ಬೇಡ ಬಿಡಿ ಸ್ವಾಮಿ. ಬಸ್ಸು ಬರೋ ಹೊತ್ತು."

"ನಿಮ್ಮ ಹೆಸರು?"

"ಚಿಕ್ಕತಾಯಮ್ಮ. ಎರಡು ವರ್ಷದ ಹಿಂದೆ ಜ್ವರ ಬಂದು ಸಾಯೋ ಹಂಗಾಗಿದ್ದೆ. ನಿಮ್ಮ ಮಠದ ಗಂಜಿ, ಹೇರಳೆಕಾಯೀಲಿ ಬಾಯಿಗೆ ಜೀವ ಬಂತು. ನೀವು ಅವತ್ತು ಸೌದೆ ತರೋಕೆ ಹೋಗಿದ್ರಿ ಅಂತ ಕಾಣುತ್ತೆ, ನನ್ನ ಗುರುತಿಲ್ಲ. ನನ್ನ ಕೈಯಿಂದ ಮಾಡಿದ್ದು ತಂದು ಬುದ್ಧಿಗೆ ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿದ್ದೆ."

"ಕೈಯಿಂದ ಮಾಡಿದ್ದಾ? ಇದು ಅಂಗಡೀಲಿ ಕೊಂಡಿದ್ದಲ್ವಾ?"

"ಎರಡೂ ಹೌದು."

ಮರಿಬಸವನಿಗೆ ತಿಳಿಯಲಿಲ್ಲ.

"ನಾನು ಈ ಉಪ್ಪಿನಕಾಯಿ ಫ್ಯಾಕ್ಟರೀಲಿ ಹೇರಳೆಕಾಯಿ ಹೆಚ್ಚೋ ಕೆಲಸದವಳು. ಬೆಳಿಗ್ಗೆ ಕೂತರೆ ಸಂಜೆ ತನಕ ಅದೇ. ಅಲ್ಲಿಂದ ಒಂದು ಹೋಳೂ ಹೊರಗೆ ತರೋ ಹಂಗಿಲ್ಲ. ಅದಕ್ಕೇ ಅಂಗಡಿ ಅಂಗಡಿ ತಿರುಗಿ, ಬಾಟಲಿಗಳನ್ನ ಬೆಳಕಿಗೆ ಹಿಡಿದು ಹಿಡಿದು, ನಂದು ಯಾವುದು ಅಂತ ಹುಡುಕಿ ತಂದೆ. ಅಂಗಡಿಯವನು ಬೈದ, ಏನಮ್ಮಾ ಸೀರೆ ಆರಿಸ್ತಾ ಇದೀಯಾ ಅಂತ."

"ನಿಮ್ದೇ ಅಂತ ಹೆಂಗೆ ಗೊತ್ತಾಗುತ್ತೆ?"

ಚಿಕ್ಕತಾಯಮ್ಮ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಒಬ್ಬೊಬ್ಬರು ಹೆಚ್ಚಿದ್ದನ್ನ ಒಂದೊಂದು ಪೀಪಾಯಿಗೆ ಬೇರೆಬೇರೆ ತುಂಬ್ತಾರೆ. ನಾನು ಎಡಚಿ. ಎಲ್ಲರ ಹೋಳು ನೇರ ಬರುತ್ತೆ, ನಂದು ಮಾತ್ರ ಓರೆ. ಮೇಸ್ತ್ರಿ ದಿನಾ ಬೈತಾನೆ."

ಮರಿಬಸವ ಹೋಳು ನೋಡಿದ. ಆಮೇಲೆ ಬಾಟಲಿ ಹಿಡಿದ ಕೈ ನೋಡಿದ. ಬೆರಳ ಸಂದಿಯೆಲ್ಲ ಬಿಳಿಚಿಕೊಂಡು ಬಿರಿದಿತ್ತು. ಕಾಯಿ ಹಿಡಿಯುವ ಬಲಗೈಯಂತೂ ಉಪ್ಪು ಹುಳಿ ತಿಂದು ಅಲ್ಲಲ್ಲಿ ಕೆಂಪಗೆ ಸುಲಿದಿತ್ತು. ವ್ಯಾನಿನ ತುಂಬ ಬಾಟಲಿ ಹೊತ್ತು ಹನ್ನೆರಡು ವರ್ಷ ತಿರುಗಿದವನು ಅವನು. ಇಂಥ ಒಂದು ಕೈಯನ್ನು ಒಂದು ದಿನವೂ ನೆನೆದವನಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿತು. ಅವಳು ಎದ್ದು ಸೀರೆ ಕೊಡವಿಕೊಂಡಳು.

"ತಪ್ಪಾಯ್ತು ತಾಯಿ," ಎಂದ ಮರಿಬಸವ. "ನನ್ನ ಮುಖ ನೋಡಿ ಬರಬೇಡಿ. ಬುದ್ಧಿಯವರು ಎಲೆ ಮಡಿಸಿಟ್ಟು ಕೂತಿದಾರೆ."

"ಏನು! ಬುದ್ಧಿ ಉಪವಾಸನಾ?" ಅವಳ ದನಿಯೇ ಬದಲಾಯಿತು. "ಅದನ್ನ ಮೊದಲೇ ಹೇಳೋದಲ್ವಾ? ಇಷ್ಟು ಹೊತ್ತು ನನ್ನ ಪುರಾಣ ಕೇಳ್ಕೊಂಡು ನಿಂತಿದೀರಲ್ಲ, ಎಂಥ ಶಿಷ್ಯ ಅಪ್ಪಾ ನೀವು!"

ಬಸ್ಸು ಬಂದು ನಿಂತು ಹೋಯಿತು. ಅವಳು ಆಗಲೇ ಕಬ್ಬಿನ ಗದ್ದೆಯ ಬದುವಿನ ಮೇಲಿದ್ದಳು. ಮರಿಬಸವ ಹಿಂದೆ ಹಿಂದೆ ಓಡಬೇಕಾಯಿತು.

ಮಠದಲ್ಲಿ ಗುರುಗಳು ಮೂರು ಎಲೆ ಹಾಕಿ ಕೂತಿದ್ದರು.

"ಬಾರವ್ವ. ಹಸಿವಾಗ್ತಾ ಇದೆ," ಎಂದರು. ಬೇರೇನೂ ಕೇಳಲಿಲ್ಲ.

ಮರಿಬಸವ ಬಾಟಲಿಯ ಮುಚ್ಚಳ ತೆಗೆದ. ಗುರುಗಳ ಎಲೆಗೆ ಒಂದು ಓರೆ ಹೋಳು ಬಡಿಸಿದ. ಜಾಡಿಯಿಂದ ಒಂದು ನೇರ ಹೋಳು ಪಕ್ಕದಲ್ಲಿಟ್ಟ. ಗುರುಗಳು ಎರಡನ್ನೂ ಅನ್ನಕ್ಕೆ ಕಲಸಿಕೊಂಡು ಉಂಡರು.

ಅಷ್ಟರಲ್ಲಿ ಚಿಕ್ಕತಾಯಮ್ಮನ ಕಣ್ಣು ಅಡುಗೆಮನೆಯ ಗೂಡಿಗೆ ಹೋಯಿತು. ಅಲ್ಲಿ ಕಾರ್ತಿಕದಿಂದ ಮುಚ್ಚಳ ತೆಗೆಯದೆ ಕೂತಿದ್ದ ಬಾಟಲಿ ಇತ್ತು. ಅವಳು ಎದ್ದು ಹೋಗಿ ಅದನ್ನು ಬೆಳಕಿಗೆ ಹಿಡಿದಳು.

"ಅಯ್ಯೋ ನನ್ನಪ್ಪನೇ! ಬುದ್ಧಿ, ಇದೂ ನಂದೇ!"

ಅವಳ ಮುಖವೆಲ್ಲ ನಗುವಾಯಿತು. "ನನಗಿಂತ ಮೊದಲೇ ಬಂದು ಕೂತುಬಿಟ್ಟಿದೆಯಲ್ಲ!"

ಮರಿಬಸವ ಅವಳ ಕೈಯಲ್ಲಿದ್ದ ಬಾಟಲಿಯ ಓರೆ ಹೋಳುಗಳನ್ನು ನೋಡಿದ. ಎಂಟು ತಿಂಗಳು ದಿನಾ ಅದರ ಮುಂದೆಯೇ ನಿಂತು ಜಾಡಿ ಕದಡಿದ್ದ.

ಅವಳು ಬಂದು ಊಟಕ್ಕೆ ಕೂತಳು. ಮರಿಬಸವ ಅವಳಿಗೂ ಉಪ್ಪಿನಕಾಯಿ ಬಡಿಸಲು ಹೋದ.

"ಬೇಡ ಬೇಡ," ಎಂದು ಎಲೆಗೆ ಅಡ್ಡ ಕೈ ಹಿಡಿದಳು. "ಬೆರಳು ಉರಿಯುತ್ತೆ. ನಾನು ತಿಂದು ಒಂದು ವರ್ಷವೇ ಆಯ್ತು."

ಸಾರನ್ನವನ್ನೂ ಬೆರಳ ತುದಿಯಲ್ಲೇ ಕಲಸಿ, ಮೆಲ್ಲಗೆ, ಒಂದೊಂದು ತುತ್ತಿಗೂ ತುಟಿ ಬಿಗಿಹಿಡಿದು ಉಂಡಳು. ಆದರೆ ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಊಟ ಮುಗಿಯಿತು.

"ಬುದ್ಧಿ," ಎಂದ ಮರಿಬಸವ. "ಅವತ್ತು ನಾನು ಹೇಳಿದ ಉತ್ತರ ವಾಪಸ್ಸು ತಗೋತೀನಿ. ಕೊಂಡರೆ ಸಿಗೋದನ್ನ ಯಾಕೆ ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಮಾಡಿದ್ದು ಯಾವುದು, ಕೊಂಡಿದ್ದು ಯಾವುದು ಅನ್ನೋದೇ ಈಗ ತಿಳೀತಿಲ್ಲ."

"ಎಲ್ಲರ ಊಟ ಆಯ್ತಾ?"

"ಆಯ್ತು ಬುದ್ಧಿ. ಈಗ ಆಯ್ತು. ದೀಕ್ಷೆ ಇವತ್ತು ಬೇಡ. ಯಾವತ್ತು ಅಂತ ನಾನು ಇನ್ನು ಕೇಳೋದೂ ಇಲ್ಲ."

ಚಿಕ್ಕತಾಯಮ್ಮ ಎಂಜಲು ಕೈಯನ್ನು ಎದೆಮಟ್ಟಕ್ಕೆ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ನಿಂತಿದ್ದಳು. ಗುರುಗಳು ತಮ್ಮ ಪೂಜೆಯ ಚೊಂಬನ್ನು ತೆಗೆದು ಮರಿಬಸವನ ಕೈಗೆ ಕೊಟ್ಟರು.

"ಇವತ್ತೇ ಕಣಪ್ಪ. ಹೋಗು, ಆ ತಾಯಿ ಕೈಗೆ ನೀರು ಹಾಕು. ಮೆಲ್ಲಗೆ ಹಾಕು, ಉರಿಯುತ್ತೆ."